ಮಾತೇ ಬುದ್ಧಿಯ ಅಳತೆಗೋಲಲ್ಲ

ವಯಸ್ಸಾದವರ, ಮಿದುಳಿನ ಕಾಯಿಲೆಗೆ ತುತ್ತಾದವರ ಬುದ್ಧಿ ಎಷ್ಟು ಉಳಿದಿದೆ ಎಂಬುದನ್ನು ಅವರ ಮಾತಿನಿಂದಲೇ ಅಳೆಯುವ ವಾಡಿಕೆ ಮನೆಯ ಪಡಸಾಲೆಯಿಂದ ಆಸ್ಪತ್ರೆಯ ವಾರ್ಡಿನವರೆಗೆ, ಬ್ಯಾಂಕಿನಿಂದ ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ ಯಾರ ಪ್ರಶ್ನೆಗೂ ಒಳಗಾಗದೆ ನಡೆದುಬಂದಿದೆ. ಪರಿಚಿತರ ಹೆಸರು ತಕ್ಷಣ ಬಾಯಿಗೆ ಬಾರದೆ ತಡವರಿಸಿದ ಹಿರಿಯರ ಮೇಲೆ ಅರವತ್ತರ ಅರಳು ಮರಳಿನ ಹಣೆಪಟ್ಟಿ ಬೀಳುತ್ತದೆ. ಲಕ್ವ ಹೊಡೆದು ಮಾತು ನಿಂತವರ ಮಂಚದ ಪಕ್ಕದಲ್ಲೇ ನಿಂತು, ಅವರಿಗೆ ಇನ್ನು ಏನೂ ತಿಳಿಯುವುದಿಲ್ಲವೆಂದು, ಅವರ ಕಿವಿಗೆ ಬೀಳುವಂತೆಯೇ ಹೇಳಲಾಗುತ್ತದೆ. ಇನ್ನೊಂದೆಡೆ, ವಿವೇಚನೆ ಒಳಗೊಳಗೇ ಕುಸಿಯುತ್ತಿರುವವರು ಮಾತಿನಲ್ಲಿ ಚುರುಕಾಗಿದ್ದರೆ ಸಾಕು, ಇಷ್ಟು ಚೆನ್ನಾಗಿ ಮಾತಾಡುವವರಿಗೆ ಏನಾಗಿದೆ ಎಂಬ ಸಮಾಧಾನದಲ್ಲಿ ವರ್ಷಗಳು ಕಳೆದುಹೋಗುತ್ತವೆ. ಈ ಮೂರೂ ತಪ್ಪುಗಳ ಬೇರು ಒಂದೇ. ಭಾಷೆಯೂ ಬುದ್ಧಿಯೂ ಮಿದುಳಿನಲ್ಲಿ ಒಂದೇ ಶಕ್ತಿ, ಒಂದು ಕುಂದಿದಷ್ಟೂ ಇನ್ನೊಂದು ಕುಂದುತ್ತದೆ ಎಂಬ ನಂಬಿಕೆಯೇ ಆ ಬೇರು. ನೂರ ಅರವತ್ತು ವರ್ಷಗಳಿಂದ ಕೂಡಿಬಂದಿರುವ ಸಾಕ್ಷ್ಯ ಈ ನಂಬಿಕೆಗೆ ವಿರುದ್ಧವಾಗಿದ್ದರೂ ಅದು ಅಲುಗದೆ ಕುಳಿತಿದೆ, ಮತ್ತು ಅದರಿಂದ ಆಗುತ್ತಿರುವ ಅನ್ಯಾಯ ಸಣ್ಣದಲ್ಲ.

ಈ ವಾದದಲ್ಲಿ ಮೊದಲು ಸ್ಪಷ್ಟವಾಗಬೇಕಾದದ್ದು ಅಫೇಸಿಯಾ ಎಂಬ ಸ್ಥಿತಿ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ, ಇಲ್ಲವೇ ಪೆಟ್ಟು, ಗಡ್ಡೆಗಳಿಂದ ಭಾಷೆಯನ್ನು ನಿರ್ವಹಿಸುವ ಭಾಗಗಳಿಗೆ ಹಾನಿಯಾದಾಗ, ಆಡುವ, ಅರ್ಥಮಾಡಿಕೊಳ್ಳುವ, ಓದುವ, ಬರೆಯುವ ಸಾಮರ್ಥ್ಯಗಳಲ್ಲಿ ಕೆಲವು ಅಥವಾ ಎಲ್ಲವೂ ಕೆಡುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳು ಬಿದ್ದುಹೋಗಿ ಉಚ್ಚಾರ ತೊದಲುವುದು ಇದರಿಂದ ಬೇರೆಯಾದದ್ದು, ಎರಡೂ ಒಬ್ಬರಲ್ಲೇ ಕಾಣಿಸಿಕೊಳ್ಳಬಹುದಾದರೂ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಆರಂಭದ ದಿನಗಳಲ್ಲಿ ಅಫೇಸಿಯಾ ಇರುತ್ತದೆ. ಬಲಗೈ ಬಳಸುವವರಲ್ಲಿ ಬಹುಪಾಲು ಜನರ ಭಾಷೆ, ದೇಹದ ಬಲಭಾಗವನ್ನು ನಿಯಂತ್ರಿಸುವ ಮಿದುಳಿನ ಎಡ ಗೋಳಾರ್ಧವನ್ನೇ ಅವಲಂಬಿಸಿರುವುದರಿಂದ, ಅಫೇಸಿಯಾ ಆದವರ ಬಲಗೈ ಬಲಗಾಲು ಸೋತಿರುವುದೇ ಹೆಚ್ಚು.

ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1861ರ ಏಪ್ರಿಲ್ ತಿಂಗಳಲ್ಲಿ ಶಸ್ತ್ರವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ಲೆಬೋರ್ನ್ ಎಂಬ ರೋಗಿಯ ಹೆಸರು ಈ ಶಾಸ್ತ್ರದ ಪ್ರತಿಯೊಂದು ಪಠ್ಯದಲ್ಲೂ ಬರುತ್ತದೆ. ಯಾವ ಪ್ರಶ್ನೆ ಕೇಳಿದರೂ ‘ಟಾನ್ ಟಾನ್’ ಎಂಬ ಒಂದೇ ಉತ್ತರ ಕೊಡುತ್ತಿದ್ದ ಈತನ ಮಿದುಳಿನ ಎಡ ಮುಂಭಾಗದಲ್ಲಿ ಬ್ರೋಕಾ ಕಂಡ ಗಾಯವನ್ನು ಪಠ್ಯಪುಸ್ತಕಗಳು ತಪ್ಪದೆ ವಿವರಿಸುತ್ತವೆ. ಅದೇ ವರದಿಯ ಇನ್ನೊಂದು ಭಾಗವನ್ನು ಮಾತ್ರ ಅವು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಬಿಸೆತ್ರ್‌ಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದಾಗ ಲೆಬೋರ್ನ್ ತನ್ನ ಎಡ ಅಂಗೈಯನ್ನು ನಾಲ್ಕು ಬಾರಿ ಅಗಲಿಸಿ ತೋರಿಸಿ, ಆಮೇಲೆ ಒಂದು ಬೆರಳನ್ನು ಎತ್ತಿದ. ಐದರಂತೆ ನಾಲ್ಕು ಸಲ, ಮೇಲೆ ಒಂದು: ಇಪ್ಪತ್ತೊಂದು, ಲೆಕ್ಕ ಸರಿಯಾಗಿತ್ತು. ಮರುದಿನ ಅದೇ ಪ್ರಶ್ನೆಗೆ ಅದೇ ಉತ್ತರ ಬಂತು. ಮತ್ತೂ ಒಮ್ಮೆ ಕೇಳಿದಾಗ ತನ್ನನ್ನು ಸುಮ್ಮನೆ ಪರೀಕ್ಷಿಸುತ್ತಿದ್ದಾರೆಂದು ತಿಳಿದು ಆತ ಸಿಟ್ಟಿಗೆದ್ದ. ಗಡಿಯಾರ ನೋಡಿ ಹೊತ್ತು ಎಷ್ಟೆಂದು ತೋರಿಸುವುದೂ ಆತನಿಗೆ ಬರುತ್ತಿತ್ತು. ಆತನ ಬುದ್ಧಿಗೆ ಸ್ವಲ್ಪ ಹಾನಿಯಾಗಿರಬಹುದೆಂದು ಬ್ರೋಕಾ ಒಪ್ಪಿದರೂ, ಮಾತಾಡಲು ಬೇಕಾದುದಕ್ಕಿಂತ ಹೆಚ್ಚಿನ ಬುದ್ಧಿ ಆತನಲ್ಲಿ ಉಳಿದಿತ್ತೆಂದೇ ತೀರ್ಮಾನಿಸಿದ. ಭಾಷೆಯ ನೆಲೆಯನ್ನು ತೋರಿಸಿಕೊಟ್ಟಿತೆಂದು ಕೊಂಡಾಡಲಾಗುವ ದಾಖಲೆಯೇ ಭಾಷೆ ಬೇರೆ ಬುದ್ಧಿ ಬೇರೆ ಎಂಬುದಕ್ಕೂ ಮೊದಲ ದರ್ಜೆಯ ಸಾಕ್ಷಿಯಾಗಿದೆ. ಮೊದಲಿನದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತದ್ದು ಓದುವವರ ತಪ್ಪು. ಬ್ರೋಕಾ ಗುರುತಿಸಿದ ನೆಲೆಯಾದರೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ: ಕಾಪಾಡಿಕೊಂಡು ಬಂದಿದ್ದ ಆ ಮಿದುಳನ್ನು ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಎಂಆರ್‌ಐಗೆ ಒಳಪಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಯವು ಹೊರಮೈಯ ಆ ಭಾಗವನ್ನು ಮೀರಿ, ದೂರದ ಭಾಗಗಳನ್ನು ಜೋಡಿಸುವ ಒಳಗಿನ ನರತಂತುಗಳ ಕಟ್ಟುಗಳವರೆಗೂ ಇಳಿದಿದ್ದುದು ಕಂಡುಬಂತು.

ಪ್ರಚಲಿತ ನಂಬಿಕೆಗೆ ವಿದ್ವತ್ತಿನ ಮುದ್ರೆ ಬಿದ್ದದ್ದೂ ಅದೇ ಬಿಸೆತ್ರ್‌ನಲ್ಲಿ. ಬ್ರೋಕಾ ಗುರುತಿಸಿದ ಎಡ ಮುಂಭಾಗಕ್ಕೆ ಭಾಷೆಯಲ್ಲಿ ವಿಶೇಷ ಪಾತ್ರವಿಲ್ಲವೆಂದು 1906ರಲ್ಲಿ ಘೋಷಿಸಿದ ವೈದ್ಯ ಪಿಯೆರ್ ಮಾರೀ, ಅಫೇಸಿಯಾ ಮೂಲತಃ ಬುದ್ಧಿಯ ಕುಂದು ಎಂದು ವಾದಿಸಿದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಪ್ರಸಿದ್ಧವಾದದ್ದು ಒಬ್ಬ ಅಡುಗೆಯವನದು. ವೃತ್ತಿಯಲ್ಲಿ ಬಾಣಸಿಗನಾಗಿದ್ದ ಈ ಅಫೇಸಿಯಾ ರೋಗಿಗೆ ಒಂದು ಮೊಟ್ಟೆ ಕರಿದುಕೊಡಲು ಹೇಳಿದಾಗ, ಮೊದಲು ಹಾಕಬೇಕಾದ ಬೆಣ್ಣೆಯನ್ನು ಆತ ಮೊಟ್ಟೆ ಒಡೆದು ಹಾಕಿದ ಮೇಲೆ ಹಾಕಿದ. ಕೆಲಸದ ಕ್ರಮವೇ ತಪ್ಪಿಹೋಯಿತು. ಜೀವಮಾನವೆಲ್ಲ ಮಾಡಿದ ಕೆಲಸ ಮರೆತವನ ಬುದ್ಧಿ ಸರಿಯಿದೆ ಎನ್ನಲಾದೀತೇ ಎಂಬುದು ಮಾರೀಯವರ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಉತ್ತರ ಆಗಲೇ ರೂಪುಗೊಳ್ಳುತ್ತಿತ್ತು. ಕೈಕಾಲುಗಳ ಶಕ್ತಿ ಇದ್ದರೂ ಕಲಿತ ಕ್ರಿಯೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲಾಗದ ಸ್ಥಿತಿಯನ್ನು ಜರ್ಮನಿಯ ಹ್ಯೂಗೋ ಲೀಪ್‌ಮನ್ 1900ರಿಂದಲೇ ವಿವರಿಸತೊಡಗಿದ್ದ. ಅದಕ್ಕೆ ಅಪ್ರಾಕ್ಸಿಯಾ ಎಂದು ಹೆಸರು. ಅದೂ ಎಡ ಗೋಳಾರ್ಧದ ಹಾನಿಯಿಂದಲೇ ಹೆಚ್ಚಾಗಿ ಬರುತ್ತದೆ, ಏಕೆಂದರೆ ಭಾಷೆಯ ಭಾಗಗಳಿಗೂ ಕ್ರಿಯೆಯನ್ನು ಯೋಜಿಸುವ ಭಾಗಗಳಿಗೂ ರಕ್ತ ಒದಗಿಸುವುದು ಮಧ್ಯ ಮಿದುಳು ಧಮನಿ ಎಂಬ ಒಂದೇ ದೊಡ್ಡ ನಾಳ. ನಾಲೆ ಒಂದು ಕಡೆ ಒಡೆದಾಗ ಅದರ ಕೆಳಗಿನ ಕಬ್ಬಿನ ಗದ್ದೆಯೂ ಭತ್ತದ ಗದ್ದೆಯೂ ಒಟ್ಟಿಗೆ ಒಣಗುತ್ತವೆ. ಅದನ್ನು ಕಂಡು ಕಬ್ಬೂ ಭತ್ತವೂ ಒಂದೇ ಬೆಳೆ ಎಂದು ಯಾವ ರೈತನೂ ಹೇಳುವುದಿಲ್ಲ. ಮಾರೀಯವರ ಬಾಣಸಿಗನಲ್ಲಿ ಎರಡು ನಷ್ಟಗಳು ಜೊತೆಯಾಗಿದ್ದವು ಎಂಬುದಕ್ಕಿಂತ ಹೆಚ್ಚಿನದನ್ನು ಆ ಮೊಟ್ಟೆ ಸಾಬೀತುಪಡಿಸುವುದಿಲ್ಲ. ಎರಡು ಸಾಮರ್ಥ್ಯಗಳು ಒಂದೇ ಎಂದು ತೋರಿಸಬೇಕಾದರೆ, ಒಂದು ಕೆಟ್ಟಾಗಲೆಲ್ಲ ಇನ್ನೊಂದೂ ಕೆಡಲೇಬೇಕು. ಒಂದು ಪೂರ್ತಿ ಕೆಟ್ಟು ಇನ್ನೊಂದು ಉಳಿದ ರೋಗಿಗಳು ಸಿಕ್ಕರೆ ಆ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಅಂಥ ರೋಗಿಗಳು ಸಿಕ್ಕಿದ್ದಾರೆ. ಬ್ರಿಟನ್ನಿನಲ್ಲಿ ರೋಸ್‌ಮರಿ ವಾರ್ಲಿ ಮತ್ತು ಸಂಗಡಿಗರು 2005ರಲ್ಲಿ ತೀವ್ರ ಅಫೇಸಿಯಾ ಇದ್ದ ಮೂವರು ಪುರುಷರ ಬಗ್ಗೆ ವರದಿ ಮಾಡಿದರು. ಸಿಂಹ ಮನುಷ್ಯನನ್ನು ಕೊಂದಿತು ಎಂಬ ವಾಕ್ಯಕ್ಕೂ ಮನುಷ್ಯ ಸಿಂಹವನ್ನು ಕೊಂದ ಎಂಬ ವಾಕ್ಯಕ್ಕೂ ಇರುವ ವ್ಯತ್ಯಾಸ ಇವರಿಗೆ ತಿಳಿಯುತ್ತಿರಲಿಲ್ಲ, ಅಂದರೆ ಪದಗಳ ಜೋಡಣೆಯಿಂದ ಯಾರು ಕರ್ತೃ, ಯಾವುದು ಕರ್ಮ ಎಂದು ಹೇಳುವ ವ್ಯಾಕರಣವೇ ಕೈಬಿಟ್ಟುಹೋಗಿತ್ತು. ಅದೇ ಮಂದಿ ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯುವ ಲೆಕ್ಕವನ್ನೂ, ಚಿಕ್ಕದರಿಂದ ದೊಡ್ಡದನ್ನು ಕಳೆದು ಋಣಸಂಖ್ಯೆ ಬರುವ ಲೆಕ್ಕವನ್ನೂ ಬೇರೆಬೇರೆಯಾಗಿ ಗುರುತಿಸಿ ಬಿಡಿಸುತ್ತಿದ್ದರು. ಆವರಣ ಚಿಹ್ನೆಗಳಿರುವ ಲೆಕ್ಕಗಳ ಕ್ರಮವೂ ಅವರಿಗೆ ಗೊತ್ತಾಗುತ್ತಿತ್ತು. ಭಾಷೆಯ ಕ್ರಮ ನಾಶವಾದವರಲ್ಲಿ ಗಣಿತದ ಕ್ರಮ ಹಾಗೇ ಉಳಿದಿತ್ತು. ಇದಕ್ಕೂ ಮುನ್ನ, ವ್ಯಾಕರಣ ಪೂರ್ತಿ ಕೆಟ್ಟ ಒಬ್ಬ ರೋಗಿಯು, ಇನ್ನೊಬ್ಬರ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆ ಇದೆಯೆಂಬುದನ್ನು ಊಹಿಸುವ ಪರೀಕ್ಷೆಗಳಲ್ಲಿ ತೇರ್ಗಡೆಯಾದದ್ದನ್ನೂ ಇದೇ ವಾರ್ಲಿ 2000ದಲ್ಲಿ ತೋರಿಸಿದ್ದರು.

ಸಂಗೀತಗಾರರ ಮತ್ತು ಕವಿಗಳ ಬದುಕೂ ಇದನ್ನೇ ಹೇಳುತ್ತದೆ. ರಷ್ಯಾದ ಸಂಗೀತ ರಚನಕಾರ ವಿಸ್ಸಾರಿಯೋನ್ ಶೆಬಾಲಿನ್‌ಗೆ 1953ರಲ್ಲಿ ಒಮ್ಮೆ, 1959ರಲ್ಲಿ ಇನ್ನೊಮ್ಮೆ ಪಾರ್ಶ್ವವಾಯು ಆಗಿ, ಆಡುವುದೂ ಅರ್ಥಮಾಡಿಕೊಳ್ಳುವುದೂ ತೀವ್ರವಾಗಿ ಕೆಟ್ಟವು. ಆದರೂ 1963ರಲ್ಲಿ ಸಾಯುವ ಮುನ್ನ ಆತ ತನ್ನ ಐದನೆಯ ಸಿಂಫನಿಯನ್ನು ಮುಗಿಸಿದ. ಆತನನ್ನು ಪರೀಕ್ಷಿಸಿದ ಅಲೆಕ್ಸಾಂಡರ್ ಲೂರಿಯಾ ಮತ್ತು ಸಹೋದ್ಯೋಗಿಗಳು 1965ರಲ್ಲಿ ಆತನ ವೈದ್ಯಕೀಯ ವೃತ್ತಾಂತ ಪ್ರಕಟಿಸಿದರು. ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್‌ಗೆ 1990ರಲ್ಲಿ ಪಾರ್ಶ್ವವಾಯು ಆಗಿ ಮಾತು ಬಹುಪಾಲು ನಿಂತಿತು. ಆಮೇಲೆಯೂ 1996ರಲ್ಲಿ ಮತ್ತು 2004ರಲ್ಲಿ ಅವರ ಕವನ ಸಂಕಲನಗಳು ಬಂದವು, ಎಡಗೈಯಿಂದ ಪಿಯಾನೋ ನುಡಿಸುವುದು ಮುಂದುವರಿಯಿತು, 2011ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂಥವರು ಅಪರೂಪದ ಪ್ರತಿಭೆಗಳೆಂಬುದು ನಿಜ; ಆದರೆ ಅವರ ಪ್ರತಿಭೆಯನ್ನು ಗುರುತಿಸಲು ನುಡಿಯಲ್ಲದ ದಾರಿಗಳು ಮೊದಲೇ ಇದ್ದವು ಎಂಬುದೇ ಇಲ್ಲಿ ಮುಖ್ಯ. ಹೊಲದಲ್ಲಿ ದುಡಿದ, ಅಂಗಡಿ ನಡೆಸಿದ, ಮನೆ ನಿಭಾಯಿಸಿದ ಸಾಮಾನ್ಯರಿಗೆ ಲಕ್ವ ಹೊಡೆದಾಗ ಅಂಥ ದಾರಿಯನ್ನು ಯಾರೂ ಹುಡುಕುವುದಿಲ್ಲ.

ಜೀವಂತ ಮಿದುಳಿನ ಚಟುವಟಿಕೆಯನ್ನು ನೇರವಾಗಿ ನೋಡುವ ತಂತ್ರಗಳು ಬಂದ ಮೇಲೆ ಈ ಚಿತ್ರ ಇನ್ನಷ್ಟು ಗಟ್ಟಿಯಾಗಿದೆ. ಅಮೆರಿಕದ ಎಂಐಟಿಯಲ್ಲಿ ಎವೆಲಿನಾ ಫೆಡೊರೆಂಕೊ ಮತ್ತು ಸಂಗಡಿಗರು ಒಂದು ದಶಕಕ್ಕೂ ಮೀರಿ ನಡೆಸಿದ ಪ್ರಯೋಗಗಳಲ್ಲಿ, ಎಡ ಗೋಳಾರ್ಧದ ಮುಂಭಾಗ ಮತ್ತು ಕಪೋಲ ಭಾಗಗಳನ್ನು ಕೂಡಿಸಿದ ಭಾಷಾ ಜಾಲವು ವಾಕ್ಯಗಳನ್ನು ಕೇಳುವಾಗ, ಓದುವಾಗ ಚುರುಕಾಗುತ್ತದೆಯೇ ಹೊರತು ಲೆಕ್ಕ ಮಾಡುವಾಗ, ಸಂಗೀತ ಕೇಳುವಾಗ, ಒಗಟಿನಂಥ ಕಷ್ಟದ ಸಮಸ್ಯೆ ಬಿಡಿಸುವಾಗ ಅಷ್ಟಾಗಿ ಚುರುಕಾಗುವುದಿಲ್ಲ ಎಂದು ಕಂಡುಬಂದಿದೆ. ಆ ಕೆಲಸಗಳಲ್ಲಿ ಹಲವಕ್ಕೆ ಎರಡೂ ಗೋಳಾರ್ಧಗಳ ಮುಂಭಾಗ ಮತ್ತು ಮೇಲ್ಭಾಗಗಳಲ್ಲಿ ಹರಡಿರುವ ಬೇರೊಂದು ಜಾಲವಿದೆ. ಭಾಷೆ ಪ್ರಧಾನವಾಗಿ ಸಂವಹನದ ಸಾಧನ, ಆಲೋಚನೆಗೆ ಅದು ಅನಿವಾರ್ಯವಲ್ಲ ಎಂಬ ವಾದವನ್ನು ಫೆಡೊರೆಂಕೊ, ಪಿಯಾಂಟಡೋಸಿ, ಗಿಬ್ಸನ್ ಮೂವರೂ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಮುಂದಿಟ್ಟರು. ಇದಕ್ಕೆ ಬರುವ ಆಕ್ಷೇಪ ಗೌರವಕ್ಕೆ ಅರ್ಹವಾದದ್ದೇ: ಮನುಷ್ಯ ತನ್ನೊಳಗೇ ಮಾತಾಡಿಕೊಂಡು ಯೋಚಿಸುತ್ತಾನೆ, ಜ್ಞಾನದ ಬಹುಭಾಗವನ್ನು ಭಾಷೆಯ ಮೂಲಕವೇ ಗಳಿಸುತ್ತಾನೆ, ಅಫೇಸಿಯಾ ಇರುವವರಿಗೆ ವಸ್ತುಗಳನ್ನು ಒಂದೇ ಗುಣದ ಆಧಾರದ ಮೇಲೆ ವಿಂಗಡಿಸುವಂಥ ಕೆಲವು ಕೆಲಸಗಳು ಕಷ್ಟವಾಗುತ್ತವೆ ಎಂಬುದಕ್ಕೂ ಪುರಾವೆ ಇದೆ. ಇದರಿಂದ ಸಿದ್ಧವಾಗುವುದು ಭಾಷೆ ಬುದ್ಧಿಗೆ ನೆರವಾಗುತ್ತದೆ ಎಂಬುದಷ್ಟೇ. ನೆರವು ನಿಂತಾಗ ಕೆಲಸ ನಿಧಾನವಾಗಬಹುದು; ಕೆಲಸ ಮಾಡುವವನೇ ಇಲ್ಲವಾದನೆಂದು ಅದರ ಅರ್ಥವಲ್ಲ.

ಹಲವು ಭಾಷೆ ಬಲ್ಲವರ ಅಫೇಸಿಯಾ ಪ್ರಚಲಿತ ನಂಬಿಕೆಯನ್ನು ಇನ್ನೊಂದು ಬದಿಯಿಂದ ಒಡೆಯುತ್ತದೆ. ಫ್ರಾನ್ಸಿನ ಆಲ್ಬರ್ ಪಿತ್ರ್ 1895ರಲ್ಲೇ ಗಮನಿಸಿದಂತೆ, ಇಂಥ ರೋಗಿಗಳಲ್ಲಿ ಎಲ್ಲ ಭಾಷೆಗಳೂ ಸಮನಾಗಿ ಮರಳುವುದೆಂಬ ನಿಯಮವಿಲ್ಲ. ಒಂದು ಮೊದಲು ಬಂದು ಇನ್ನೊಂದು ತಡವಾಗಬಹುದು, ಇನ್ನೊಂದು ಬಾರದೆಯೂ ಇರಬಹುದು. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಉದ್ಯೋಗದಲ್ಲಿ ಇಂಗ್ಲಿಷ್ ಬಳಸುವವರು ಕರ್ನಾಟಕದಲ್ಲಿ ಲಕ್ಷಾಂತರ ಇದ್ದಾರೆ. ಅಂಥವರೊಬ್ಬರು ತುಳುವಿನಲ್ಲಿ ಸರಿಯಾಗಿ ಉತ್ತರಿಸಿ ಇಂಗ್ಲಿಷಿನಲ್ಲಿ ತಡವರಿಸಿದರೆ, ಮಾತೇ ಬುದ್ಧಿ ಎನ್ನುವವರ ಪ್ರಕಾರ ಅವರು ಒಂದೇ ಗಳಿಗೆಯಲ್ಲಿ ಬುದ್ಧಿವಂತರೂ ಬುದ್ಧಿಗೇಡಿಗಳೂ ಆಗಬೇಕಾಗುತ್ತದೆ. ಈ ಅಸಂಬದ್ಧವನ್ನು ತಪ್ಪಿಸಬೇಕಾದರೆ ಪರೀಕ್ಷೆ ರೋಗಿಯ ಭಾಷೆಯಲ್ಲಿ, ರೋಗಿಯ ಓದಿನ ಮಟ್ಟಕ್ಕೆ ತಕ್ಕಂತೆ ನಡೆಯಬೇಕು. ಪದದ ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಹೇಳುವುದು, ಎರಡು ಪಂಚಕೋನಗಳನ್ನು ನಕಲು ಮಾಡುವುದು ಮುಂತಾದ ಪ್ರಶ್ನೆಗಳು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ನೆನಪನ್ನಾಗಲಿ ವಿವೇಕವನ್ನಾಗಲಿ ಅಳೆಯಲಾರವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷಾ ಸಾಧನಗಳು ಸಿದ್ಧವಾಗಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಫೇಸಿಯಾವನ್ನು ಕನ್ನಡದಲ್ಲೇ ಅಳೆಯುವ ಕೆಲಸ ದಶಕಗಳಿಂದ ನಡೆದಿದೆ. ಸಾಧನವಿದ್ದೂ ಎರಡು ನಿಮಿಷದ ಮಾತುಕತೆಯಿಂದ ತೀರ್ಪು ಕೊಡುವುದು ಅಕ್ಷಮ್ಯ.

ಇನ್ನು ವಯಸ್ಸಿನ ಮಾತು. ಮುಪ್ಪಿನಲ್ಲಿ ಹೆಸರು ಬಾಯಿಗೆ ಬಾರದಿರುವುದನ್ನು ಮರೆವಿನ ಕಾಯಿಲೆಯ ಮುನ್ಸೂಚನೆ ಎಂದು ಹೆದರುವವರು, ಆ ಗಳಿಗೆಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಗಮನಿಸುವುದಿಲ್ಲ. ಆ ವ್ಯಕ್ತಿ ಯಾರು, ಯಾವ ಊರಿನವರು, ಎಲ್ಲಿ ಭೇಟಿಯಾದದ್ದು ಎಂಬುದೆಲ್ಲ ನೆನಪಿದ್ದು ಹೆಸರಿನ ಧ್ವನಿರೂಪ ಮಾತ್ರ ಕೈಗೆ ಸಿಗದೆ, ಯಾರಾದರೂ ಅದನ್ನು ಹೇಳಿದ ಕೂಡಲೇ ಹೌದೆಂದು ಗುರುತು ಹತ್ತುತ್ತದೆ. ಅರ್ಥದಿಂದ ಧ್ವನಿಗೆ ಹೋಗುವ ಕೊಂಡಿ ವಯಸ್ಸಿನೊಂದಿಗೆ ಸಡಿಲವಾಗುತ್ತದೆ ಎಂಬುದೇ ಇದಕ್ಕೆ ಸಂಶೋಧಕರು ಕೊಡುವ ಪ್ರಬಲ ವಿವರಣೆ. ಕೆಲಸದ ವೇಗ ಕುಗ್ಗುವುದು, ಗದ್ದಲದ ನಡುವೆ ಮಾತು ಹಿಡಿಯುವುದು ಕಷ್ಟವಾಗುವುದು ನಿಜ. ಶಬ್ದಭಂಡಾರ ಮಾತ್ರ ನಡುವಯಸ್ಸು ದಾಟಿದ ಮೇಲೂ ಬೆಳೆಯುತ್ತದೆ, ವಾಕ್ಯವನ್ನು ಅರ್ಥಮಾಡಿಕೊಳ್ಳುವ ಶಕ್ತಿ ಆರೋಗ್ಯವಂತ ಮುಪ್ಪಿನಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ಕೇಂಬ್ರಿಜ್‌ನ ಲೊರೇನ್ ಟೈಲರ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ, ಹಿರಿಯರ ಎಡ ಮುಂಭಾಗದ ಬೂದು ವಸ್ತು ತೆಳುವಾಗಿದ್ದರೂ ವಾಕ್ಯಗ್ರಹಣ ಕುಂದಿರಲಿಲ್ಲ, ಬಲ ಗೋಳಾರ್ಧದ ಮುಂಭಾಗವೂ ಆ ಕೆಲಸದಲ್ಲಿ ಹೆಚ್ಚು ಚುರುಕಾಗಿರುವುದು ಕಂಡಿತು. ಈ ಹೆಚ್ಚಿನ ಚಟುವಟಿಕೆ ಪ್ರತಿ ಬಾರಿಯೂ ನೆರವೇ ಎಂಬ ಚರ್ಚೆ ಮುಗಿದಿಲ್ಲ. ಮಿದುಳಿನ ಅಂಗಾಂಶ ಸವೆದಷ್ಟೇ ಸಾಮರ್ಥ್ಯವೂ ಸವೆಯುತ್ತದೆಂಬ ಸರಳ ಲೆಕ್ಕ ಮಾತ್ರ ತಪ್ಪೆಂದು ತೀರ್ಮಾನವಾಗಿದೆ.

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 97ನೆಯ ವಯಸ್ಸಿನಲ್ಲಿ, 2011ರ ಬೆಂಗಳೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ, ಅದೇ ಉಸಿರಿನಲ್ಲಿ ಅದು ಪವಾಡವೆಂದೂ ಹೇಳುತ್ತಾರೆ. ಪವಾಡವೆಂದು ಹೇಳುವುದರಲ್ಲೇ ಹಳೆಯ ನಂಬಿಕೆ ಅಡಗಿದೆ. ಇಂಥ ಒಬ್ಬ ಹಿರಿಯರಿಂದ ಏನೂ ಸಿದ್ಧವಾಗದಿರಬಹುದು, ಆದರೆ ಜನಸಂಖ್ಯೆಯ ಅಂಕಿಅಂಶ ಬೇರೆ ಮಾತು: ಭಾರತದ 60 ವರ್ಷ ಮೀರಿದವರಲ್ಲಿ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕು ನಡೆಸಲಾಗದಷ್ಟು ಬುದ್ಧಿಶಕ್ತಿ ಕುಸಿಯುವ ಸ್ಥಿತಿ, ಶೇ. 7.4ರಷ್ಟಿದೆಯೆಂದು ರಾಷ್ಟ್ರವ್ಯಾಪಿ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಸುಮಾರು 88 ಲಕ್ಷ ಜನ ಎಂದರೆ ಅದು ದೊಡ್ಡ ಸಂಕಟವೇ. ಆದರೂ ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಆ ಸ್ಥಿತಿ ಇಲ್ಲ. ಅರಳು ಮರಳು ವಯಸ್ಸಿನ ಸಹಜ ಧರ್ಮ ಎನ್ನುವ ಮಾತು ಎರಡು ಬಾರಿ ಹಾನಿ ಮಾಡುತ್ತದೆ: ಆರೋಗ್ಯವಂತರನ್ನು ಮೂಲೆಗೆ ತಳ್ಳುತ್ತದೆ, ನಿಜವಾಗಿ ಕಾಯಿಲೆ ಬಂದವರನ್ನು ವಯಸ್ಸಾಯಿತೆಂಬ ನೆಪದಲ್ಲಿ ವೈದ್ಯರ ಬಳಿ ಒಯ್ಯದಂತೆ ಮಾಡುತ್ತದೆ. ಕಿವಿ ಮಂದವಾಗಿ ಪ್ರಶ್ನೆ ಕೇಳಿಸದೆ ಅಡ್ಡ ಉತ್ತರ ಕೊಟ್ಟವರೂ ಇದೇ ಹಣೆಪಟ್ಟಿಗೆ ಗುರಿಯಾಗುತ್ತಾರೆ. ಶ್ರವಣದೋಷಕ್ಕೆ ಚಿಕಿತ್ಸೆ ಮಾಡದೆ ಬಿಡುವುದು ಡಿಮೆನ್ಷಿಯಾದ ಅಪಾಯವನ್ನೇ ಹೆಚ್ಚಿಸುತ್ತದೆಂದು ಲ್ಯಾನ್ಸೆಟ್ ಆಯೋಗದ 2024ರ ವರದಿ ಹೇಳಿರುವಾಗ, ಶ್ರವಣಯಂತ್ರ ಕೊಡಿಸಬೇಕಾದಲ್ಲಿ ಹಣೆಪಟ್ಟಿ ಅಂಟಿಸುವುದು ಕ್ರೌರ್ಯವೇ ಸರಿ.

ಮಾತು ಚೆನ್ನಾಗಿದ್ದು ಬುದ್ಧಿ ಕುಸಿಯುವ ಕಾಯಿಲೆಗಳೂ ಇವೆ, ಮತ್ತು ಅವುಗಳ ಬಗ್ಗೆ ಸಮಾಜ ಇನ್ನೂ ಕುರುಡಾಗಿದೆ. ಕಪೋಲ ಹಾಲೆಯ ಮುಂತುದಿ ಕ್ಷೀಣಿಸುವ ಸೆಮ್ಯಾಂಟಿಕ್ ಡಿಮೆನ್ಷಿಯಾ ಎಂಬ ಕಾಯಿಲೆಯಲ್ಲಿ ರೋಗಿ ನಿರರ್ಗಳವಾಗಿ, ವ್ಯಾಕರಣಬದ್ಧವಾಗಿ ಮಾತಾಡುತ್ತಾನೆ. ಪದಗಳ ಹಾಗೂ ವಸ್ತುಗಳ ತಿಳಿವಳಿಕೆಯೇ ಕರಗುತ್ತಿರುವುದರಿಂದ, ಬಾತುಕೋಳಿಯ ಚಿತ್ರ ಬಿಡಿಸಲು ಹೇಳಿದಾಗ ಅದಕ್ಕೆ ನಾಲ್ಕು ಕಾಲುಗಳನ್ನು ಬರೆದ ರೋಗಿಗಳ ದಾಖಲೆಗಳಿವೆ. ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ 1995ರಲ್ಲಿ ಪ್ರಕಟಿಸಿದ ಕೊನೆಯ ಕಾದಂಬರಿಯ ಭಾಷೆಯನ್ನು ಪೀಟರ್ ಗ್ಯಾರಾರ್ಡ್ ಮತ್ತು ಸಂಗಡಿಗರು ಹಿಂದಿನ ಕೃತಿಗಳ ಜೊತೆಗಿಟ್ಟು ನೋಡಿದಾಗ, ವಾಕ್ಯರಚನೆ ಬಹುಪಾಲು ಹಾಗೇ ಇದ್ದು ಶಬ್ದವೈವಿಧ್ಯ ಕುಗ್ಗಿತ್ತು. ಆಕೆಗಿದ್ದದ್ದು ಅಲ್‌ಝೈಮರ್ ಕಾಯಿಲೆಯೆಂದು ಆಮೇಲೆ ತಿಳಿಯಿತು. ಮಿದುಳಿನ ಮುಂಭಾಗ ಕ್ಷೀಣಿಸುವ ಇನ್ನೊಂದು ಬಗೆಯಲ್ಲಿ ಮಾತಿಗೆ ಏನೂ ಆಗದೆ, ಹಿತಾಹಿತ ವಿವೇಚನೆ, ಸಂಕೋಚ, ಇತರರ ಬಗೆಗಿನ ಕನಿಕರ ಮೊದಲು ಹೋಗುತ್ತವೆ. ಉಳಿತಾಯವನ್ನೆಲ್ಲ ಕಂಡವರಿಗೆ ಕೊಟ್ಟುಬಿಟ್ಟ ಇಂಥ ರೋಗಿಯನ್ನು ಮನೆಯವರು ದುಡುಕಿನವನೆಂದೂ ಕೆಟ್ಟವನೆಂದೂ ದೂಷಿಸುತ್ತಾರೆ, ಏಕೆಂದರೆ ಆತ ಸೊಗಸಾಗಿ ಮಾತಾಡುತ್ತಾನೆ. ಇದಕ್ಕೆ ಎದುರಾಗಿ, ಮಾರ್ಸೆಲ್ ಮೆಸುಲಮ್ 1982ರಲ್ಲಿ ವಿವರಿಸಿದ ಆರು ರೋಗಿಗಳಲ್ಲಿ ಭಾಷೆ ಮಾತ್ರ ಮೆಲ್ಲಮೆಲ್ಲನೆ ಸವೆಯುತ್ತಿದ್ದು, ಉಳಿದ ಬುದ್ಧಿಶಕ್ತಿ ವರ್ಷಗಳವರೆಗೆ ಹೆಚ್ಚು ಕೆಡದೆ ಇತ್ತು. ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ ಎಂದು ಕರೆಯಲಾಗುವ ಈ ಕಾಯಿಲೆ ಕೊನೆಗೆ ಬೇರೆ ಸಾಮರ್ಥ್ಯಗಳಿಗೂ ಹರಡುತ್ತದೆಂಬುದು ನಿಜವಾದರೂ, ಆ ನಡುವಿನ ವರ್ಷಗಳು ರೋಗಿಯ ಬದುಕಿನ ವರ್ಷಗಳೇ.

ತಪ್ಪು ನಂಬಿಕೆಯ ಬೆಲೆ ತೆರುವವರು ರೋಗಿಗಳು. ಬುದ್ಧಿಯೇ ಹೋಯಿತೆಂದು ಬಗೆದ ಕುಟುಂಬ ಸ್ಪೀಚ್ ಥೆರಪಿಗೆ ಕರೆದೊಯ್ಯುವುದಿಲ್ಲ, ಕರೆದೊಯ್ದರೂ ಮೊದಲ ಕೆಲವು ತಿಂಗಳು ಕಳೆದರೆ ಇನ್ನು ಪ್ರಯೋಜನವಿಲ್ಲವೆಂದು ನಿಲ್ಲಿಸುತ್ತದೆ. ಜರ್ಮನಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾರ್ಶ್ವವಾಯು ಆಗಿ ಆರು ತಿಂಗಳು ಮೀರಿದ್ದ 150ಕ್ಕೂ ಹೆಚ್ಚು ಜನರಲ್ಲಿ, ವಾರಕ್ಕೆ ಹತ್ತು ಗಂಟೆ ಅಥವಾ ಹೆಚ್ಚಿನ ತರಬೇತಿಯನ್ನು ಮೂರು ವಾರ ಪಡೆದವರ ಮಾತು, ಅದಕ್ಕಾಗಿ ಇನ್ನೂ ಕಾಯುತ್ತಿದ್ದವರಿಗಿಂತ ಸುಧಾರಿಸಿತ್ತು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ಪಾರ್ಶ್ವವಾಯು ರೋಗಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5 ಮಂದಿಯ, ಒಂದೇ ಭಾಷೆಯವರಲ್ಲಿ ಶೇ. 19.6 ಮಂದಿಯ ಬುದ್ಧಿಶಕ್ತಿ ಸಹಜವಾಗಿ ಉಳಿದಿತ್ತು. ಹಲವು ಭಾಷೆಗಳ ನಾಡಿನಲ್ಲಿ ಪಾರ್ಶ್ವವಾಯುವಿನ ನಂತರವೂ ಬುದ್ಧಿ ಉಳಿದಿರುವ ಸಾಧ್ಯತೆಯನ್ನು ಮೊದಲು ಊಹಿಸಿಕೊಳ್ಳಬೇಕಾದ ಕಡೆ, ಅದು ಹೋಯಿತೆಂದೇ ಮೊದಲು ಊಹಿಸಲಾಗುತ್ತಿದೆ.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಅಫೇಸಿಯಾದಿಂದ ಬರುವ ಶಾಶ್ವತ ವಾಕ್ ಮತ್ತು ಭಾಷಾ ಅಸಾಮರ್ಥ್ಯವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿ, ಅಂಥವರಿಗೂ ಆಸ್ತಿ ಹೊಂದುವ, ಹಣಕಾಸು ನಿರ್ವಹಿಸುವ ಸಮಾನ ಹಕ್ಕನ್ನು ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 4ನೆಯ ಪ್ರಕರಣವು ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯವನ್ನು ವಿವರಿಸುವಾಗ, ಆ ತೀರ್ಮಾನವನ್ನು ಮಾತಿನಿಂದ, ಮುಖಭಾವದಿಂದ, ಸನ್ನೆಯಿಂದ ಅಥವಾ ಬೇರಾವುದೇ ರೀತಿಯಿಂದ ತಿಳಿಸಿದರೆ ಸಾಕೆನ್ನುತ್ತದೆ. ಆದ್ದರಿಂದ ಪಾರ್ಶ್ವವಾಯು ರೋಗಿಯ ಕೇಸ್ ಶೀಟಿನಲ್ಲಿ ಬುದ್ಧಿಯ ಬಗ್ಗೆ ಒಂದು ಸಾಲು ಬರೆಯುವ ಮುನ್ನ, ವೈದ್ಯರು ಮಾತು ಬೇಡದ ಪರೀಕ್ಷೆಯೊಂದನ್ನಾದರೂ ಮಾಡಬೇಕು. ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ ಅಧಿಕಾರಿಗಳು ವಾಕ್ ತಜ್ಞರ ನೆರವಿನಿಂದ ಆ ವ್ಯಕ್ತಿಯ ಇಚ್ಛೆಯನ್ನು ತಿಳಿಯಬೇಕು. ಮನೆಯವರು ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು, ಹೌದು ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ರೀತಿಯಲ್ಲಿ, ಬೇಕಾದರೆ ಚಿತ್ರ ತೋರಿಸಿ ಕೇಳಿ, ಉತ್ತರ ಬರುವವರೆಗೆ ಕಾಯಬೇಕು, ಮತ್ತು ಅವರ ಎದುರಿಗೆ ಅವರ ಬಗ್ಗೆ ಮಾತಾಡುವುದನ್ನು ಇಂದೇ ನಿಲ್ಲಿಸಬೇಕು.